ಹತ್ತು ವರ್ಷದ ಮಗಳಿಗೆ ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದೆ, ಮುಂದೆ ನಾಯಕಿ ಆಗ್ತಾಳಾ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆಯವರು. ನನ್ನ ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸ್. ಶಾಲೆಯ ನಾಟಕದಲ್ಲಿ ಅವಳು ಮಾಡಿದ ಪಾತ್ರದ ವಿಡಿಯೊ ನೋಡಿ ಒಬ್ಬರು ಬೆಂಗಳೂರಿಗೆ ಆಡಿಷನ್‌ಗೆ ಕರೆದರು. ಹೊಸ ಧಾರಾವಾಹಿಯಲ್ಲಿ ನಾಯಕಿಯ ಬಾಲ್ಯದ ಪಾತ್ರಕ್ಕೆ ಆಯ್ಕೆಯಾಗಿದ್ದಾಳೆ. ಐದಾರು ತಿಂಗಳ ಕೆಲಸ, ತಿಂಗಳಿಗೆ ಹದಿನೈದು ದಿನ ಶೂಟಿಂಗ್ ಅಂತಾರೆ. ನಮ್ಮ ಯಜಮಾನರು ಬೆಂಗಳೂರಿಗೆ ಮನೆ ಬದಲಿಸೋಣ ಅಂತಿದ್ದಾರೆ. ಅತ್ತೆಯವರಿಗೆ ಇದೆಲ್ಲ ಇಷ್ಟವಿಲ್ಲ. ಹಿಂದಿ ಧಾರಾವಾಹಿ ‘ಬಾಲಿಕಾ ವಧು’ವಿನ ಅವಿಕಾ ಗೋರ್ ಹೀಗೇ ಚಿಕ್ಕವರಿದ್ದಾಗ ಬಂದು ಸ್ಟಾರ್ ಆದರು ಅಲ್ವಾ? ನನ್ನ ಮಗಳಿಗೂ ಅಂಥ ದಾರಿ ಇದೆಯಾ? ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಶಾಬಾಸ್ ಹೇಳಿ. ಆಡಿಷನ್‌ನಲ್ಲಿ ಅಷ್ಟು ಮಕ್ಕಳ ನಡುವೆ ಆಯ್ಕೆಯಾಗೋದು ಸಣ್ಣ ವಿಷಯವಲ್ಲ. ನಾನು ಧಾರಾವಾಹಿಗಳಲ್ಲಿ ಸಂಚಿಕೆ ನಿರ್ದೇಶಕನಾಗಿ ದುಡಿದು, ಈಗ ಇದೇ ಊರಿನಲ್ಲಿ ಮಕ್ಕಳಿಗೆ ನಟನೆ ಹೇಳಿಕೊಡುತ್ತಿದ್ದೇನೆ. ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಅಪ್ಪ ಅಮ್ಮ ಕೇಳಿದ್ದಾರೆ. ಹಾಗಾಗಿ ಸುತ್ತಿ ಬಳಸಿ ಹೇಳದೆ ನೇರವಾಗಿ ಹೇಳುತ್ತೇನೆ. ಮಗಳಿಗೆ ಮನಸ್ಸಿದ್ದರೆ ಪಾತ್ರ ಒಪ್ಪಿಕೊಳ್ಳಿ. ಮನೆ ಮಾತ್ರ ಬದಲಿಸಬೇಡಿ. ಅವಳು ಮುಂದೆ ಧಾರಾವಾಹಿಯ ನಾಯಕಿ ಆಗ್ತಾಳೋ ಇಲ್ಲವೋ ಅನ್ನೋದು ಈ ಐದಾರು ತಿಂಗಳಲ್ಲಿ ತೀರ್ಮಾನವಾಗಲ್ಲ. ಹನ್ನೆರಡರಿಂದ ಹದಿನೆಂಟರವರೆಗೆ ಅವಳು ಏನು ಮಾಡ್ತಾಳೆ ಅನ್ನೋದರ ಮೇಲೆ ಆಗುತ್ತೆ.

ನೀವು ಅವಿಕಾ ಗೋರ್ ಅವರ ಹೆಸರು ತೆಗೆದಿದ್ದೀರಿ. ಅವರ ಹಾದಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅವರು ಹುಟ್ಟಿದ್ದು 1997ರಲ್ಲಿ, ಮುಂಬೈಯಲ್ಲಿ. ‘ಬಾಲಿಕಾ ವಧು’ ಶುರುವಾದದ್ದು 2008ರ ಜುಲೈನಲ್ಲಿ. ಆಗ ಅವರಿಗೆ ಹನ್ನೊಂದು ವರ್ಷ. ಆನಂದಿ ಪಾತ್ರ ಇಡೀ ದೇಶದಲ್ಲಿ ಮನೆಮಾತಾಯಿತು. ಆದರೆ 2010ರಲ್ಲಿ ಕಥೆ ಕೆಲವು ವರ್ಷ ಮುಂದಕ್ಕೆ ಹೋಯಿತು. ಆನಂದಿ ದೊಡ್ಡವಳಾದಳು, ಆ ಜಾಗಕ್ಕೆ ಪ್ರತ್ಯೂಷಾ ಬ್ಯಾನರ್ಜಿ ಬಂದರು. ಧಾರಾವಾಹಿ 2016ರವರೆಗೂ ಓಡಿತು. ಅದಕ್ಕೆ ಜನರನ್ನು ಕಟ್ಟಿಕೊಟ್ಟ ಹುಡುಗಿ ಮಾತ್ರ ಎರಡೇ ವರ್ಷಕ್ಕೆ ಹೊರಗೆ ಬಂದಿದ್ದಳು.

ಇದರಲ್ಲಿ ಯಾರದೂ ತಪ್ಪಿಲ್ಲ. ಕಥೆ ಹಾಗೇ ಇರುತ್ತೆ. ಕಥೆ ಹೀಗೆ ಕೆಲವು ವರ್ಷ ಮುಂದಕ್ಕೆ ಹಾರುವುದಕ್ಕೆ ಟಿವಿಯವರು ‘ಲೀಪ್’ ಅನ್ನುತ್ತಾರೆ. ನಾಯಕಿಯ ಬಾಲ್ಯದ ಪಾತ್ರ ಅಂದರೆ ಲೀಪ್ ಬರುವ ತನಕ ಅಂತಲೇ ಅರ್ಥ. ನಿಮ್ಮ ಮಗಳಿಗೆ ಐದಾರು ತಿಂಗಳು ಅಂದಿದ್ದಾರಲ್ಲ, ಅದೂ ಟಿಆರ್‌ಪಿ ನೋಡಿಕೊಂಡು ಹಿಂದೆ ಮುಂದೆ ಆಗಬಹುದು. ಮಕ್ಕಳ ಟ್ರ್ಯಾಕ್ ಜನಕ್ಕೆ ಹಿಡಿಸಿದರೆ ಎಳೆಯುತ್ತಾರೆ. ಇಲ್ಲದಿದ್ದರೆ ಮೂರನೇ ತಿಂಗಳಿಗೇ ಹುಡುಗಿ ಓಡುತ್ತಾ ಮರದ ಹಿಂದೆ ಹೋಗಿ ನಾಯಕಿಯಾಗಿ ಈಚೆಗೆ ಬರುತ್ತಾಳೆ. ಮಗಳಿಗೆ ಇದನ್ನು ಮೊದಲ ದಿನವೇ ಹೇಳಿ. ‘ನಿನ್ನ ಪಾತ್ರ ಇಲ್ಲಿಯವರೆಗೆ, ಆಮೇಲೆ ಇನ್ನೊಬ್ಬ ಅಕ್ಕ ಮಾಡ್ತಾರೆ’ ಅಂತ. ಹೇಳದೆ ಬಿಟ್ಟರೆ, ಕೊನೆಯ ದಿನ ಸೆಟ್‌ನಲ್ಲಿ ಕೇಕ್ ಕತ್ತರಿಸಿ ಕಳಿಸಿಕೊಟ್ಟಾಗ ಮಗು ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತೆ. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ.

ಮತ್ತೆ ಅವಿಕಾಗೆ ಬರೋಣ. 2011ರಲ್ಲಿ ‘ಸಸುರಾಲ್ ಸಿಮರ್ ಕಾ’ ಶುರುವಾಯಿತು. ಅಲ್ಲಿ ಅವರದು ರೋಲಿ ಅನ್ನುವ ಪಾತ್ರ. ಹದಿನಾಲ್ಕು ತುಂಬುವ ಹೊತ್ತಿಗೆ ಸೊಸೆಯ ಪಾತ್ರಗಳ ಲೋಕಕ್ಕೆ ಬಂದಿದ್ದರು. ಬಾಲನಟಿ ಧಾರಾವಾಹಿ ಸ್ಟಾರ್ ಆಗಿ ಬದಲಾದದ್ದು ಅಲ್ಲೇ. 2013ರಲ್ಲಿ ತೆಲುಗಿನ ‘ಉಯ್ಯಾಲ ಜಂಪಾಲ’ದಲ್ಲಿ ನಾಯಕಿ. 2015ರಲ್ಲಿ ನಮ್ಮ ಕನ್ನಡದ ‘ಕೇರ್ ಆಫ್ ಫುಟ್‌ಪಾತ್ 2’ರಲ್ಲೂ ನಟಿಸಿದರು. ಕೆಲಸದ ಲೆಕ್ಕದಲ್ಲಿ ಇದು ದೊಡ್ಡ ಗೆಲುವು, ಒಪ್ಪುತ್ತೇನೆ. ಆದರೂ ಹದಿನಾಲ್ಕರ ಹುಡುಗಿಗೆ ಮದುವೆಯಾದವಳ ವೇಷ ಹಾಕಿಸಿ ದಿನಗಟ್ಟಲೆ ಆ ಸಂಸಾರದ ಜಗಳ ಆಡಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ನನ್ನ ಕೈಯಲ್ಲಿ ಕಲಿಯುವ ಯಾವ ಮಗುವಿಗೂ ಆ ಅಡ್ಡದಾರಿ ಬೇಡ ಅಂತಲೇ ಹೇಳುತ್ತೇನೆ. ಜನರ ಕಣ್ಣೆದುರೇ ಬೆಳೆಯುವುದರ ಭಾರ ಏನು ಅನ್ನುವುದನ್ನು ಅವಿಕಾ ಅವರೇ ಬರೆದುಕೊಂಡಿದ್ದಾರೆ. ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಅತ್ತದ್ದು, ತಮ್ಮ ದೇಹ ತಮಗೇ ಇಷ್ಟವಾಗದೆ ಹೋದದ್ದು, ಅದರಿಂದ ಹೊರಗೆ ಬಂದದ್ದು, ಎಲ್ಲವನ್ನೂ 2020ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾದದ್ದು ಆಗ.

ಇನ್ನು ನಮ್ಮ ಕನ್ನಡದ ಕಡೆ ನೋಡಿ. ‘ಬಾಲಿಕಾ ವಧು’ವೇ ಇಲ್ಲಿ ‘ಪುಟ್ಟಗೌರಿ ಮದುವೆ’ ಆಗಿ 2012ರಲ್ಲಿ ಬಂತು. ಬಂದದ್ದು ಕಲರ್ಸ್ ಕನ್ನಡದಲ್ಲಿ, ಆಗ ಆ ಚಾನೆಲ್ಲಿಗೆ ಈಟಿವಿ ಕನ್ನಡ ಅಂತ ಹೆಸರು. ಪುಟ್ಟ ಗೌರಿ ಆಗಿದ್ದವರು ಸಾನ್ಯಾ ಅಯ್ಯರ್. ಲೀಪ್ ಆದಮೇಲೆ ಬಂದವರು ರಂಜನಿ ರಾಘವನ್. ಸಾನ್ಯಾ ದೊಡ್ಡ ಪರದೆಯಲ್ಲಿ ನಾಯಕಿಯಾಗಿ ಬಂದದ್ದು 2024ರಲ್ಲಿ, ‘ಗೌರಿ’ ಚಿತ್ರದಲ್ಲಿ. ಅಂದರೆ ಪುಟ್ಟಗೌರಿ ಶುರುವಾಗಿ ಹನ್ನೆರಡು ವರ್ಷಕ್ಕೆ.

ಇನ್ನೂ ಹಿಂದಕ್ಕೆ ಹೋಗಿ. ಪುನೀತ್ ರಾಜ್‌ಕುಮಾರ್ ಅವರಿಗೆ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿನ್ನೂ ಹುಡುಗ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಾಲನಟನ ಪಾತ್ರಗಳು ಮುಗಿದವು. ನಾಯಕನಾಗಿ ‘ಅಪ್ಪು’ ಬಂದದ್ದು 2002ರಲ್ಲಿ. ವಿಜಯ ರಾಘವೇಂದ್ರ ‘ಚಿನ್ನಾರಿ ಮುತ್ತ’ ಆಗಿದ್ದು 1993ರಲ್ಲಿ. ‘ಕೊಟ್ರೇಶಿ ಕನಸು’ ಚಿತ್ರಕ್ಕೆ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ನಾಯಕನಾಗಿ ‘ನಿನಗಾಗಿ’ ಬಂದದ್ದು ಅದೇ 2002ರಲ್ಲಿ. ಒಬ್ಬರ ಹಿಂದೆ ಅಷ್ಟು ದೊಡ್ಡ ಮನೆತನವಿತ್ತು, ಇನ್ನೊಬ್ಬರ ಮನೆಯೂ ಸಿನಿಮಾದ್ದೇ. ಆದರೂ ಇಬ್ಬರೂ ವರ್ಷಗಟ್ಟಲೆ ಕ್ಯಾಮೆರಾದಿಂದ ದೂರವೇ ಇದ್ದರು. ಜನ ಹಳೇ ಮುಖ ಮರೆತು ಹೊಸ ಮುಖ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಸುಧಾರಾಣಿ ಅವರದು ಬೇರೆ ತರಹ. ಬಾಲನಟಿಯಾಗಿ ಬಂದವರು 1986ರಲ್ಲಿ ‘ಆನಂದ್’ ಚಿತ್ರಕ್ಕೆ ನಾಯಕಿಯಾದರು, ಇನ್ನೂ ಹದಿಹರೆಯದಲ್ಲೇ. ನಡುವೆ ಬಿಡುವು ಸಿಗಲಿಲ್ಲ. ಇವತ್ತು ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯ ತುಳಸಿಯಾಗಿ ಮನೆಮನೆಗೆ ಗೊತ್ತು. ಬಾಲನಟಿಯಾಗಿ ಶುರು ಮಾಡಿ ಧಾರಾವಾಹಿಯನ್ನು ಹೆಗಲ ಮೇಲೆ ಹೊತ್ತವರು ಯಾರು ಅಂದರೆ ಕನ್ನಡದಲ್ಲಿ ನಾನು ಮೊದಲು ಹೇಳುವ ಹೆಸರು ಅವರದೇ. ಆದರೆ ನೋಡಿ, ಮೊದಲ ಪಾತ್ರಕ್ಕೂ ಈ ತುಳಸಿಗೂ ನಡುವೆ ಹತ್ತಾರು ವರ್ಷಗಳ ದುಡಿಮೆ ಇದೆ. ಮಾಸ್ಟರ್ ಆನಂದ್ ‘ಗೌರಿ ಗಣೇಶ’ದ ತುಂಟ ಹುಡುಗನಾಗಿದ್ದವರು. ಆಮೇಲೆ ಹಾಸ್ಯ ಧಾರಾವಾಹಿ, ನಿರೂಪಣೆ ಅಂತ ತಮ್ಮದೇ ಜಾಗ ಮಾಡಿಕೊಂಡರು. ‘ಮಾಲ್ಗುಡಿ ಡೇಸ್’ನ ಸ್ವಾಮಿ ಆಗಿದ್ದ ಮಂಜುನಾಥ್ ನಟನೆ ಬಿಟ್ಟು ಬೇರೆ ವೃತ್ತಿಗೆ ಹೋದರು. ಅದನ್ನು ಸೋಲು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಚೆನ್ನಾಗಿ ಒಂದು ಪಾತ್ರ ಮಾಡಿ, ಸಾಕು ಅಂತ ಹೊರಡೋದೂ ಒಂದು ಆಯ್ಕೆಯೇ. ನಿಮ್ಮ ಮಗಳಿಗೂ ಆ ಬಾಗಿಲು ತೆರೆದಿರಲಿ.

ಈಗ ನಡುವಿನ ಆ ವರ್ಷಗಳ ವಿಷಯ. ಧಾರಾವಾಹಿಗೆ ಬೇಕಾಗುವುದು ಹನ್ನೆರಡರ ಒಳಗಿನ ಮಗು, ಇಲ್ಲವೇ ಹದಿನೆಂಟು ದಾಟಿದ ನಾಯಕಿ. ಹದಿಮೂರು ಹದಿನಾಲ್ಕರ ಹುಡುಗಿಗೆ ಕಥೆಯಲ್ಲಿ ಜಾಗವೇ ಕಮ್ಮಿ. ಮುಖ ಬದಲಾಗುತ್ತೆ, ಎತ್ತರ ಬರುತ್ತೆ, ಮೊಡವೆ ಬರುತ್ತೆ, ದನಿ ಬದಲಾಗುತ್ತೆ. ಹುಡುಗರಿಗಂತೂ ದನಿ ಒಡೆದರೆ ಡಬ್ಬಿಂಗ್ ಕೂಡ ಕಷ್ಟ. ಆಗ ಫೋನ್ ಬರೋದು ನಿಲ್ಲುತ್ತೆ. ಬೆಂಗಳೂರಿಗೆ ಮನೆ ಮಾಡಿ, ಅಪ್ಪ ಕೆಲಸ ಬಿಟ್ಟು, ಮಗಳ ಪೇಮೆಂಟ್‌ನಲ್ಲೇ ಬಾಡಿಗೆ ಕಟ್ಟುವ ಸ್ಥಿತಿ ಇದ್ದರೆ ಆ ಮೌನದ ಭಾರ ಪೂರ್ತಿ ಮಗುವಿನ ತಲೆಗೆ ಬೀಳುತ್ತೆ. ಮನೆ ಬದಲಿಸಬೇಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ. ಪೇಮೆಂಟ್ ಕೂಡ ಕೆಲಸ ಮಾಡಿದ ತಿಂಗಳೇ ಕೈಗೆ ಬರಲ್ಲ, ಎರಡು ಮೂರು ತಿಂಗಳು ತಡವಾಗೋದು ಮಾಮೂಲಿ.

ಇನ್ನೊಂದು ಕಾರಣ ಇದೆ, ಅದು ನಟನೆಗೇ ಸೇರಿದ್ದು. ಧಾರಾವಾಹಿಯಲ್ಲಿ ಒಂದು ಸೀನ್ ಹೇಗೆ ತೆಗೆಯುತ್ತಾರೆ ನೋಡಿ. ಅಪ್ಪ ಮನೆ ಬಿಟ್ಟು ಹೋಗುತ್ತಾನೆ, ಹುಡುಗಿ ಬಾಗಿಲಲ್ಲಿ ನಿಂತು ಅಳುತ್ತಾಳೆ. ಟಿವಿಯಲ್ಲಿ ಒಂದೂವರೆ ನಿಮಿಷ ಇರಬಹುದು. ಮೊದಲು ಮಾನಿಟರ್, ಅಂದರೆ ರಿಹರ್ಸಲ್. ಆಮೇಲೆ ಇಡೀ ಬಾಗಿಲು ಕಾಣುವ ಹಾಗೆ ಮಾಸ್ಟರ್ ಶಾಟ್. ಲೈಟ್ ಬದಲಿಸಿ, ಅಪ್ಪನ ಹೆಗಲ ಮೇಲಿಂದ ಇನ್ನೊಂದು. ಕೊನೆಗೆ ಹುಡುಗಿಯ ಮುಖ ಮಾತ್ರ, ಕ್ಲೋಸ್. ಮಗುವಿನ ನಿಜವಾದ ಅಳು ಮೊದಲ ಶಾಟ್‌ನಲ್ಲೇ ಮುಗಿದಿರುತ್ತೆ. ಜನ ನೋಡೋದು ಮಾತ್ರ ಕ್ಲೋಸ್ ಅನ್ನೇ. ಆಗ ಗ್ಲಿಸರಿನ್ ಬರುತ್ತೆ. ಮೊದಲ ಶಾಟ್‌ನಲ್ಲಿ ಎಡಗೈಯಲ್ಲಿ ಬಾಗಿಲು ಹಿಡಿದಿದ್ದರೆ ಎಲ್ಲದರಲ್ಲೂ ಎಡಗೈಯೇ ಇರಬೇಕು, ಇಲ್ಲದಿದ್ದರೆ ಕಂಟಿನ್ಯುಟಿ ಹೋಯಿತು. ಕ್ಯಾಮೆರಾದ ಪಕ್ಕ ಕೂತ ಸಹಾಯಕ ನಿರ್ದೇಶಕರು ಒಂದೊಂದೇ ಸಾಲು ಪ್ರಾಂಪ್ಟ್ ಮಾಡುತ್ತಾರೆ. ಮಗು ಅದನ್ನು ಕೇಳಿ ಹಾಗೇ ಹೇಳುತ್ತೆ.

ಈ ಪ್ರಾಂಪ್ಟಿಂಗ್ ಇಲ್ಲದೆ ದಿನಕ್ಕೊಂದು ಸಂಚಿಕೆ ಮುಗಿಯಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಮಗು ಪ್ರಾಂಪ್ಟ್ ಮಾಡುವವರ ರಾಗವನ್ನೂ ಕಲಿತುಬಿಡುತ್ತೆ. ಎದುರಿಗಿರುವವರ ಮಾತು ಕೇಳಿಸಿಕೊಂಡು ಉತ್ತರ ಕೊಡುವ ಅಭ್ಯಾಸ ಹೋಗಿಬಿಡುತ್ತೆ. ಬಾಲನಟರಾಗಿ ಹೆಸರು ಮಾಡಿದವರು ಹದಿನೆಂಟು ಇಪ್ಪತ್ತಕ್ಕೆ ನಾಯಕಿಯ ಆಡಿಷನ್‌ಗೆ ಬಂದಾಗ ನಾನು ಹೆಚ್ಚಾಗಿ ಕಂಡದ್ದು ಇದೇ ತೊಂದರೆ. ಡೈಲಾಗ್ ಹೇಳಿ ಒಂದು ಕ್ಷಣ ಸುಮ್ನೆ ನಿಲ್ಲುತ್ತಾರೆ, ಮುಂದಿನ ಸಾಲು ಯಾರೋ ಹೇಳಿಕೊಡುತ್ತಾರೆ ಅನ್ನುವ ಹಾಗೆ. ಹತ್ತು ವರ್ಷದಲ್ಲಿ ಮುದ್ದಾಗಿ ಕಂಡ ಕಣ್ಣರಳಿಸುವ ಅಭ್ಯಾಸ ಇಪ್ಪತ್ತಕ್ಕೆ ಹಾಗೇ ಉಳಿದಿರುತ್ತೆ. ಅದನ್ನು ಬಿಡಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ.

ಇದಕ್ಕೆ ಮದ್ದು ನಮ್ಮ ಊರಿನಲ್ಲೇ ಇದೆ. ರಂಗಭೂಮಿ. ದಾವಣಗೆರೆ ಅಂದರೆ ಬೆಣ್ಣೆ ದೋಸೆ ಒಂದೇ ಅಲ್ಲ, ಇದು ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ, ಅಲ್ಲಿ ಬೆಳೆದು ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ, ಇವರೆಲ್ಲ ನಮ್ಮವರು. ಕಂಪನಿ ನಾಟಕದಲ್ಲಿ ಲೋಹಿತಾಶ್ವನದೋ ಪ್ರಹ್ಲಾದನದೋ ಪಾತ್ರ ಮಾಡುವ ಮಗುವಿಗೆ ಕ್ಲೋಸ್ ಇಲ್ಲ, ರೀಟೇಕ್ ಇಲ್ಲ. ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೂ ಮಾತು ಮುಟ್ಟಬೇಕು. ಎದುರಿನ ನಟ ಸಾಲು ಮರೆತರೆ ಮಗುವೇ ನಿಭಾಯಿಸಬೇಕು. ಹದಿಮೂರರಿಂದ ಹದಿನೇಳರವರೆಗೆ ಟಿವಿಗೆ ಬೇಡವಾದ ಹುಡುಗಿ ನಾಟಕಕ್ಕೆ ಬೇಕಾಗುತ್ತಾಳೆ. ಅಲ್ಲಿ ವಯಸ್ಸು ಅಡ್ಡ ಬರಲ್ಲ. ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಗೆ ಅಂತಲೇ ಒಂದು ರಂಗಾಯಣ, ಅಂದರೆ ಸರ್ಕಾರದ ನಾಟಕ ಸಂಸ್ಥೆ, ಇದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಊರೂರು ತಿರುಗಿ ನಾಟಕ ಆಡುವ ಶಿವಸಂಚಾರ ತಂಡ ಇದೆ, ರಂಗಶಾಲೆ ಇದೆ. ಶಾಲೆ ಮುಗಿಸಿದ ಮೇಲೆ ಅವಳಿಗೆ ಇದೇ ಬೇಕು ಅನ್ನಿಸಿದರೆ ಸಾಣೇಹಳ್ಳಿಗಿಂತ ಒಳ್ಳೆಯ ಜಾಗ ನಮ್ಮ ಭಾಗದಲ್ಲಿ ನನಗೆ ಕಾಣಲ್ಲ. ಅಲ್ಲಿಯವರೆಗೆ ಸಂಗೀತ ಕಲಿಯಲಿ. ದನಿ ಗಟ್ಟಿಯಾಗುತ್ತೆ, ಉಸಿರು ಹಿಡಿತಕ್ಕೆ ಬರುತ್ತೆ.

ತಡವಾದರೆ ಅವಕಾಶ ತಪ್ಪುತ್ತೆ ಅನ್ನುವ ಭಯ ಬೇಡ. ನಮ್ಮ ದಾವಣಗೆರೆಯವರೇ ಆದ ಅದಿತಿ ಪ್ರಭುದೇವ ಬಾಲನಟಿಯಾಗಿ ಬಂದವರಲ್ಲ. ಇಂಜಿನಿಯರಿಂಗ್ ಓದಿ, ಆಮೇಲೆ ಧಾರಾವಾಹಿಗೆ ಬಂದು, ಅಲ್ಲಿಂದ ಸಿನಿಮಾಕ್ಕೆ ಹೋದವರು.

ಈಗ ಕಾಗದ ಪತ್ರದ ಮಾತು. ಇದನ್ನು ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು ಅನ್ನುವ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು. ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಕಲಾವಿದರಾಗಿ ಬರುವ ಮಕ್ಕಳಿಗೆ ವಿನಾಯಿತಿ ಕೊಟ್ಟರು. ಆದರೆ ಷರತ್ತುಗಳಿವೆ, ಅವು 2017ರ ನಿಯಮಗಳಲ್ಲಿ ಇವೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಅನುಮತಿ ತರಬೇಕು. ಅಂದರೆ ಬೆಂಗಳೂರಿನಲ್ಲಿ ಶೂಟಿಂಗ್ ಆದರೆ ಅಲ್ಲಿಯ ಜಿಲ್ಲಾಧಿಕಾರಿ, ದಾವಣಗೆರೆಯವರಲ್ಲ. ಓದು ನಿಲ್ಲದ ಹಾಗೆ ವ್ಯವಸ್ಥೆ ಮಾಡುವುದೂ ನಿರ್ಮಾಪಕರ ಹೊಣೆ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತರು ಸೆಟ್‌ನಲ್ಲಿ ಇರಬೇಕು. ‘ಅನುಮತಿ ಪತ್ರದ ಒಂದು ಪ್ರತಿ ಕೊಡಿ ಸರ್’ ಅಂತ ಕೇಳಿ. ಕೇಳಿದ್ದಕ್ಕೆ ಪಾತ್ರ ಹೋಗುತ್ತೆ ಅಂದರೆ ಆ ಪಾತ್ರ ಹೋಗಲಿ ಬಿಡಿ.

ಐದು ಗಂಟೆ ಅನ್ನುವುದನ್ನು ಸುಲಭವಾಗಿ ತಗೋಬೇಡಿ. ದೊಡ್ಡವರ ಕಾಲ್‌ಶೀಟ್ ಬೆಳಗ್ಗೆ ಶುರುವಾಗಿ ರಾತ್ರಿ ಒಂಬತ್ತರವರೆಗೂ ಹೋಗುತ್ತೆ. ಮಗುವಿನ ಸೀನ್ ಮಧ್ಯಾಹ್ನ ಮೂರಕ್ಕೆ ಇದ್ದರೂ ಬೆಳಗ್ಗೆ ಏಳಕ್ಕೇ ಕರೆಸಿ ಮೇಕಪ್ ಹಾಕಿ ಕೂರಿಸುತ್ತಾರೆ. ಆ ಕಾಯುವ ಹೊತ್ತು ಮಗುವನ್ನು ಶೂಟಿಂಗ್‌ಗಿಂತ ಜಾಸ್ತಿ ದಣಿಸುತ್ತೆ. ‘ನಮ್ಮ ಸೀನ್‌ಗಳನ್ನು ಒಟ್ಟಿಗೆ ತೆಗೆಯಿರಿ, ಬೆಳಗ್ಗೆಯೇ ಮುಗಿಸಿ’ ಅಂತ ಮೊದಲೇ ಮಾತಾಡಿಕೊಳ್ಳಿ. ಮ್ಯಾನೇಜರ್ ಮನಸ್ಸು ಮಾಡಿದರೆ ಆಗುತ್ತೆ. ಹದಿನೈದು ದಿನವನ್ನೂ ಚೂರು ಚೂರು ಮಾಡದೆ ಎರಡು ಕಂತಿನಲ್ಲಿ ಕೊಡಲು ಕೇಳಿ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಎರಡು ದಿನಕ್ಕೊಮ್ಮೆ ಹೋಗಿ ಬರೋದು ಮಗುವಿಗೆ ಆಗದ ಮಾತು. ಒಮ್ಮೆ ಹೋದರೆ ಒಂದು ವಾರ ಇದ್ದು, ಮುಗಿಸಿ ಊರಿಗೆ ಬಂದು ಶಾಲೆಗೆ ಹೋಗುವ ಹಾಗಿರಲಿ. ಸೆಟ್‌ನಲ್ಲಿ ಸದಾ ನೀವೋ ಅಪ್ಪನೋ ಜೊತೆಗಿರಿ. ‘ಅಮ್ಮಂದಿರು ಹೊರಗೆ ಕೂತಿರಿ’ ಅಂದರೆ ಒಪ್ಪಬೇಡಿ. ಮಗಳು ಕಣ್ಣಳತೆಯಲ್ಲೇ ಇರಬೇಕು. ತೊಂದರೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ.

ದುಡ್ಡಿನ ವಿಷಯ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಭಾಗ, ಅಂದರೆ ನೂರಕ್ಕೆ ಇಪ್ಪತ್ತು, ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳ ಹೆಸರಿಗೆ ಠೇವಣಿ ಆಗಬೇಕು. ಅದು ಅವಳು ವಯಸ್ಕಳಾದ ಮೇಲೆ ಅವಳ ಕೈಗೆ ಬರುತ್ತೆ. ಇಪ್ಪತ್ತು ಕನಿಷ್ಠ ಅಷ್ಟೇ. ಓಡಾಟದ ಖರ್ಚು ಕಳೆದು ಪೂರ್ತಿ ಅವಳ ಹೆಸರಿಗೇ ಇಡಿ ಅಂತ ನಾನು ಹೇಳುತ್ತೇನೆ. ತೆರಿಗೆಯ ಲೆಕ್ಕದಲ್ಲೂ ಮಗು ತನ್ನ ಕಲೆಯಿಂದ ದುಡಿದದ್ದು ಮಗುವಿನದೇ ಆದಾಯ, ಅಪ್ಪ ಅಮ್ಮನ ಆದಾಯಕ್ಕೆ ಸೇರಲ್ಲ. ಆ ಠೇವಣಿಯ ಬಡ್ಡಿ ಮಾತ್ರ ನಿಮ್ಮಿಬ್ಬರಲ್ಲಿ ಆದಾಯ ಜಾಸ್ತಿ ಇರುವವರ ಲೆಕ್ಕಕ್ಕೆ ಸೇರುತ್ತೆ. ಒಬ್ಬ ಆಡಿಟರ್ ಹತ್ತಿರ ಹೋಗಿ ಅವಳ ಹೆಸರಿಗೆ ಪ್ಯಾನ್ ಮಾಡಿಸಿಬಿಡಿ. ಇನ್ನು, ಯಾರಾದರೂ ಪೋರ್ಟ್‌ಫೋಲಿಯೊ ಫೀಸು, ರಿಜಿಸ್ಟ್ರೇಷನ್ ಫೀಸು, ಕಾಸ್ಟ್ಯೂಮ್ ಡಿಪಾಸಿಟ್ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ಎದ್ದು ಬನ್ನಿ. ಪಾತ್ರ ಕೊಡುವವರು ದುಡ್ಡು ಕೊಡುತ್ತಾರೆ, ಕೇಳಲ್ಲ.

ನಿಮ್ಮ ಅತ್ತೆಯವರ ಬೇಸರವನ್ನು ಹಳೇ ಕಾಲದ ಯೋಚನೆ ಅಂತ ತಳ್ಳಿ ಹಾಕಬೇಡಿ. ಅವರಿಗೆ ಯಾವುದರ ಭಯ ಅಂತ ಕೂತು ಕೇಳಿ. ಓದಿನದಾ, ಜನರ ಮಾತಿನದಾ, ಮೊಮ್ಮಗಳು ದೂರ ಹೋಗ್ತಾಳೆ ಅಂತಲಾ? ಮನೆ ಬದಲಿಸಲ್ಲ ಅಂತ ಗೊತ್ತಾದರೆ ಅರ್ಧ ಬೇಸರ ಅಲ್ಲೇ ಕರಗಬಹುದು. ಒಂದು ಕಂತಿಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಸೆಟ್‌ನಲ್ಲಿ ಅಜ್ಜಿಯಂದಿರು ಇದ್ದರೆ ನಮಗೂ ನಿರಾಳ. ಮಗು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೆ.

ಎಲ್ಲಕ್ಕಿಂತ ಮೊದಲು ಮಗಳನ್ನು ಕೇಳಿ. ಮಗುವಿನ ಮನಸ್ಸಿಗೆ ವಿರುದ್ಧವಾಗಿ ನಟಿಸಲು ಹಚ್ಚುವಂತಿಲ್ಲ ಅಂತ ನಿಯಮದಲ್ಲೇ ಇದೆ. ಅಪ್ಪ ಆಸೆಯಿಂದ ನೋಡುತ್ತಾ ನಿಂತಿರುವಾಗ ಕೇಳಿದರೆ ಹೂಂ ಅಂತಲೇ ಹೇಳ್ತಾಳೆ. ಒಬ್ಬಳೇ ಇದ್ದಾಗ ಕೇಳಿ. ಶಾಲೆಯ ನಾಟಕದಲ್ಲಿ ಅವಳಿಗೆ ಯಾವುದು ಇಷ್ಟವಾಯಿತು ಅಂತ ಕೇಳಿ. ಚಪ್ಪಾಳೆನಾ, ವೇಷನಾ, ಇಲ್ಲ ಇನ್ನೊಬ್ಬರ ಹಾಗೆ ಮಾತಾಡೋದಾ? ಮೂರನೆಯದು ಅಂದರೆ ನನ್ನ ಹತ್ತಿರ ಕಳಿಸಿ. ಶೂಟಿಂಗ್ ಇಲ್ಲದ ಭಾನುವಾರಗಳಲ್ಲಿ ಹೇಳಿಕೊಡುತ್ತೇನೆ. ಒಪ್ಪಂದದ ಕಾಗದ ಬಂದಮೇಲೆ ಸಹಿ ಹಾಕುವ ಮೊದಲು ಒಂದು ಪ್ರತಿ ತೋರಿಸಿ. ಪಾತ್ರ ಮುಗಿದ ಮೇಲೆಯೂ ಇಷ್ಟು ವರ್ಷ ಬೇರೆ ಚಾನೆಲ್ಲಿಗೆ ಹೋಗಬಾರದು ಅನ್ನುವ ಸಾಲು ಅದರಲ್ಲಿ ಇದ್ದರೆ ತೆಗೆಸಬೇಕು.